ಎಸೆದ ಒಲೆ, ಬಿಚ್ಚದ ಬೋಲ್ಟು

ಅಮೆರಿಕಕ್ಕೆ ಹೋಗಿ ಬಂದವರು ನಯಾಗರದ ಬಗ್ಗೆ ಬರೆಯುವುದು ವಾಡಿಕೆ. ನಾನೂ ನಯಾಗರ ನೋಡಿದೆ. ನೀರು ಬಹಳ ಬೀಳುತ್ತದೆ. ಅದನ್ನು ನನಗಿಂತ ಚೆನ್ನಾಗಿ ಬಣ್ಣಿಸಬಲ್ಲವರು ನಮ್ಮ ಸಂಘದಲ್ಲಿಯೇ ಎಷ್ಟೋ ಮಂದಿ ಇದ್ದಾರೆ. ನಾನು ಹೇಳಹೊರಟಿರುವುದು ಅಲ್ಲಿ ಮಗನ ಮನೆಯ ಗ್ಯಾರೇಜಿನಲ್ಲಿ ಕುಳಿತು ನಾನು ಬಿಚ್ಚಿದ, ಬಿಚ್ಚಲಾಗದೆ ಮುರಿದ, ಕೆಲವು ತುಕ್ಕು ಹಿಡಿದ ಬೋಲ್ಟುಗಳ ವಿಷಯ. ಇಷ್ಟು ಚಿಕ್ಕ ವಸ್ತುವಿನ ಮೇಲೆ ಇಷ್ಟುದ್ದ ಬರೆಯುವುದೇ ಎಂದು ಓದುಗರು ಹುಬ್ಬೇರಿಸಬಹುದು. ಕಾಲಿಂಚಿನ ಬೋಲ್ಟು ಒಂದು ಇಡೀ ಯಂತ್ರವನ್ನು ನಿಲ್ಲಿಸಿದ್ದನ್ನು ಕಂಡವನು ನಾನು.

2023ರ ಮೇ ತಿಂಗಳಲ್ಲಿ ನಾನೂ ನನ್ನವಳೂ ಶಿಕಾಗೋದ ಹೊರವಲಯದಲ್ಲಿರುವ ಮಗನ ಮನೆಗೆ ಹೋದೆವು. ಮಗ ಸೊಸೆ ಇಬ್ಬರೂ ಕೆಲಸದವರು, ಮೊಮ್ಮಗಳು ಶಾಲೆಗೆ ಹೋಗುವವಳು. ನನ್ನವಳಿಗೆ ಅಡಿಗೆಮನೆ ಉಂಟು, ಊರಿನ ಅಕ್ಕತಂಗಿಯರ ಫೋನು ಉಂಟು. ನನಗೇನುಂಟು? ಗಿರಣಿಯ ಮೆಕ್ಯಾನಿಕ್ ಖಾತೆಯಲ್ಲಿ ಫಿಟ್ಟರನಾಗಿದ್ದ ಎಪ್ಪತ್ತಮೂರರ ಮುದುಕನಿಗೆ ಅಲ್ಲಿ ಮಾಡಲು ಒಂದು ಕೆಲಸವೂ ಇಲ್ಲ. ನಲ್ಲಿ ಸೋರುವುದಿಲ್ಲ, ಬಾಗಿಲು ಕಿರುಗುಟ್ಟುವುದಿಲ್ಲ. ಒಂದು ವೇಳೆ ಕಿರುಗುಟ್ಟಿದರೂ ಫೋನು ಮಾಡಿದರೆ ಯಾರೋ ಬಂದು, ಒಂದು ಕಾಲದ ನನ್ನ ವರ್ಷದ ಪಗಾರದಷ್ಟು ಹಣ ಎಣಿಸಿಕೊಂಡು, ಎರಡು ತೊಟ್ಟು ಎಣ್ಣೆ ಬಿಟ್ಟು ಹೋಗುತ್ತಾರೆ. ದಿನಕ್ಕೆರಡು ಸಲ ಬೀದಿಯ ತುದಿಯವರೆಗೆ ನಡೆದು ಬರುವುದೇ ನನ್ನ ಡ್ಯೂಟಿಯಾಯಿತು.

ಹೀಗೆ ಡ್ಯೂಟಿಯ ಮೇಲಿದ್ದ ಒಂದು ಬೆಳಿಗ್ಗೆ, ನಾಲ್ಕು ಮನೆ ಆಚೆ, ಕಸದ ಡಬ್ಬಗಳ ಪಕ್ಕದಲ್ಲಿ ಅದು ನಿಂತಿತ್ತು. ನಿಂತಿತ್ತು ಎನ್ನುವುದಕ್ಕಿಂತ ವಾಲಿತ್ತು ಎನ್ನಬೇಕು. ನಮ್ಮೂರಲ್ಲಿ ನೀರು ಕಾಯಿಸುವ ಹಂಡೆಯನ್ನು ಅಡ್ಡಕ್ಕೆ ಕತ್ತರಿಸಿ ಮೂರು ಕಾಲು ಕೊಟ್ಟ ಹಾಗೆ. ಕೆಳಗೊಂದು ಬೋಗುಣಿ, ಮೇಲೊಂದು ಬೋಗುಣಿಯಂಥ ಮುಚ್ಚಳ, ಎರಡಕ್ಕೂ ಕಪ್ಪು ಪಿಂಗಾಣಿ ಲೇಪ. ಒಂದು ಕಾಲಿನ ಗಾಲಿ ಇಲ್ಲ, ಮುಚ್ಚಳದ ಮರದ ಹಿಡಿ ಸೀಳಿದೆ. ಒಳಗೆ ನೋಡಿದರೆ ಹಿಂದಿನ ವರ್ಷದ್ದೋ ಅದರ ಹಿಂದಿನದೋ ಬೂದಿ, ಮಳೆನೀರು ಕುಡಿದು ಗಟ್ಟಿಯಾದ ಸಿಮೆಂಟಿನಂತೆ ಕುಳಿತಿತ್ತು. ಅದು ಇದ್ದಲಿನ ಗ್ರಿಲ್. ಆ ದೇಶದಲ್ಲಿ ಬೇಸಿಗೆ ಬಂತೆಂದರೆ ಮನೆ ಹಿಂದಿನ ಅಂಗಳದಲ್ಲಿ ಇಂಥದ್ದರಲ್ಲಿ ಕೆಂಡ ಮಾಡಿ ಮಾಂಸ, ಮೀನು, ಜೋಳದ ತೆನೆ ಸುಟ್ಟು ತಿನ್ನುತ್ತಾರೆ.

ನಾನು ಹದಿನಾಲ್ಕನೆಯ ವಯಸ್ಸಿಗೆ, 1964ರಲ್ಲಿ, ಮುಂಬಯಿಗೆ ಬಂದು ಮೊದಲು ಮಾಡಿದ ಕೆಲಸ ಫೋರ್ಟಿನ ಒಂದು ಹೋಟೆಲಿನಲ್ಲಿ ಇದ್ದಲಿನ ಶಿಗಡಿಯ ಬೂದಿ ಬಳಿಯುವುದು. ಹಗಲು ಬೂದಿ, ಸಂಜೆಯ ಮೇಲೆ ಕನ್ನಡ ರಾತ್ರಿಶಾಲೆ. ಅದರ ಬಗ್ಗೆ ಇನ್ನೊಮ್ಮೆ ಬರೆದೇನು. ಅಂತೂ ಬೂದಿಯ ಸ್ವಭಾವ ನನಗೆ ಗೊತ್ತು. ಒಣಗಿದ್ದರೆ ಅದು ಬಡಪಾಯಿ. ಒದ್ದೆಯಾದರೆ ಕ್ಷಾರವಾಗಿ, ತೇವವನ್ನು ಬಿಡದೆ ಹಿಡಿದುಕೊಂಡು, ಕಬ್ಬಿಣವನ್ನು ತಿನ್ನುತ್ತದೆ. ಒಲೆಯನ್ನು ಕೊಲ್ಲುವುದು ಬೆಂಕಿಯಲ್ಲ, ಆರಿದ ಮೇಲೆ ಯಾರೂ ತೆಗೆಯದ ಬೂದಿ.

ಎರಡು ಗಾಲಿಯಲ್ಲಿ ಒಂದೇ ಇದ್ದುದರಿಂದ ಅದನ್ನು ಅರ್ಧ ಎಳೆದು ಅರ್ಧ ಹೊತ್ತು ಮನೆಗೆ ತಂದೆ. ನನ್ನವಳು ಬಾಗಿಲಲ್ಲಿ ನಿಂತು ನೋಡಿ, “ಡೊಂಬಿವಲಿಯಲ್ಲಾದರೆ ಭಂಗಾರದವನು ನಮ್ಮಿಂದ ತೆಗೆದುಕೊಂಡು ಹೋಗುತ್ತಿದ್ದ. ಇಲ್ಲಿ ನೀವೇ ಭಂಗಾರದವರಾದಿರಾ?” ಎಂದಳು. ಅವಳ ಮಾತನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಸಂಜೆ ಮಗ ಬಂದು ನೋಡಿದವನು ಏನೂ ಹೇಳದೆ ಸ್ವಲ್ಪ ಹೊತ್ತು ನಿಂತ. ಆಮೇಲೆ, “ಅಪ್ಪಾ, ಹೊಸದು ಬೇಕಾದರೆ ನಾಳೆಯೇ ತರೋಣ. ಬೇರೆಯವರ ಕಸ ಎತ್ತಿಕೊಂಡು ಬರಬೇಡ. ಇಲ್ಲಿ ಜನ ನೋಡುತ್ತಾರೆ” ಎಂದ. ದನಿ ಮೆತ್ತಗಿತ್ತು, ಆದರೆ ಮುಖ ಕೆಂಪಾಗಿತ್ತು. ಆ ಕೆಂಪನ್ನು ನಾನು ಮೊದಲೂ ಒಮ್ಮೆ ಕಂಡದ್ದುಂಟು. ಆಗ ಅವನಿಗೆ ಹದಿನಾಲ್ಕು.

ಆದರೂ ರಾತ್ರಿ ಊಟವಾದ ಮೇಲೆ ಅವನೇ ಫೋನಿನಲ್ಲಿ ಏನೋ ಹುಡುಕುತ್ತ ಗ್ಯಾರೇಜಿಗೆ ಬಂದ. ಈ ದುಂಡು ಗ್ರಿಲ್ಲಿನ ಹುಟ್ಟೂರು ಇದೇ ಶಿಕಾಗೋ ಅಂತೆ. 1952ರಲ್ಲಿ ಜಾರ್ಜ್ ಸ್ಟೀಫನ್ ಎಂಬುವರು ವೆಬರ್ ಬ್ರದರ್ಸ್ ಎಂಬ ತಗಡಿನ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು. ಅಲ್ಲಿ ಮಿಶಿಗನ್ ಸರೋವರಕ್ಕೆ ತೇಲುಬುರುಡೆಗಳನ್ನು ಮಾಡುತ್ತಿದ್ದರು. ಮಾಂಸ ಸುಡುವ ತೆರೆದ ಒಲೆಗೆ ಗಾಳಿಮಳೆ ಹೊಡೆಯುವುದನ್ನು ನೋಡಿ ಬೇಸತ್ತ ಅವರು ಒಂದು ತೇಲುಬುರುಡೆಯನ್ನು ಎರಡು ಹೋಳು ಮಾಡಿ, ಕೆಳಗಿನದಕ್ಕೆ ಕಾಲು, ಮೇಲಿನದಕ್ಕೆ ಹಿಡಿ ಇಟ್ಟರು. ಮುಚ್ಚಳದ ಮೇಲಿನ ಗಾಳಿಕಂಡಿಯಲ್ಲಿ ಒಂದು ಅಕ್ಷರ ಒತ್ತಿರುತ್ತಾರೆ, ಅದು ತಯಾರಾದ ವರ್ಷದ ಗುರುತು ಎಂದೂ ಮಗ ಓದಿದ. ನಾನು ಬಟ್ಟೆಯಿಂದ ಮಸಿ ಉಜ್ಜಿದೆ. ‘ಎ’ ಎಂಬ ಅಕ್ಷರ ಕಂಡಿತು. 1979.

“ನಿನ್ನ ವಾರಿಗೆಯವನು ಮಾರಾಯ” ಎಂದಳು ಅವನ ತಾಯಿ. ಮಗ ಹುಟ್ಟಿದ್ದು 1979ರಲ್ಲಿ, ಪರೇಲಿನಲ್ಲಿ. ಅವನಿಗೆ ನಗು ಬಂತು. ಇನ್ನು ಅದನ್ನು ಎಸೆಯುವ ಮಾತು ಏಳಲಿಲ್ಲ.

ಮಾರನೆಯ ದಿನದಿಂದ ಕೆಲಸ. ತುಕ್ಕು ಹಿಡಿದ ಬೋಲ್ಟು ಯಾಕೆ ಬಿಚ್ಚುವುದಿಲ್ಲ ಎಂಬುದನ್ನು ಮೊದಲು ಹೇಳಬೇಕು. ಕಬ್ಬಿಣ ತುಕ್ಕಾದಾಗ ಅದು ಮೊದಲಿಗಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಬೋಲ್ಟಿನ ಸುತ್ತಿಗೂ ನಟ್ಟಿನ ಸುತ್ತಿಗೂ ನಡುವೆ ಇರುವುದು ಕೂದಲೆಳೆಯಷ್ಟು ಸಂದು. ಅಲ್ಲಿ ಉಬ್ಬಿದ ತುಕ್ಕು ಬೆಣೆ ಹೊಡೆದ ಹಾಗೆ ಎರಡನ್ನೂ ಅದುಮಿ ಹಿಡಿಯುತ್ತದೆ. ಹೊರಗಿನಿಂದ ನಾವು ಬಲ ಹಾಕಿದರೆ ನಟ್ಟು ತಿರುಗುವ ಮೊದಲು, ತುಕ್ಕು ತಿಂದು ಸೊರಗಿದ ಬೋಲ್ಟಿನ ಕುತ್ತಿಗೆ ಮುರಿಯುತ್ತದೆ. ಆದ್ದರಿಂದ ಬಲ ಕೊನೆಗೆ. ಮೊದಲು ತಂತಿ ಬ್ರಶ್ಶಿನಿಂದ ಹೊರಗೆ ಕಾಣುವ ಸುತ್ತುಗಳನ್ನು ಶುದ್ಧ ಮಾಡಬೇಕು. ಮಸಿ ತುಂಬಿದ ತಿರುಪಿನ ಗೀರನ್ನು ಹ್ಯಾಕ್‌ಸಾ ಬ್ಲೇಡಿನ ತುದಿಯಿಂದ ಕೆರೆಯಬೇಕು. ಎಣ್ಣೆ ಬಿಡಬೇಕು. ಚಿಕ್ಕ ಸುತ್ತಿಗೆಯಿಂದ ಬೋಲ್ಟಿನ ತಲೆಗೆ ನೆತ್ತಿಯ ಮೇಲೆ ಟಕ್ ಟಕ್ ಎಂದು ತಟ್ಟಬೇಕು, ಬಡಿಯಬಾರದು. ತಟ್ಟಿದಾಗ ತುಕ್ಕಿನಲ್ಲಿ ಬಿರುಕು ಬಿಟ್ಟು ಎಣ್ಣೆ ಇಳಿಯಲು ದಾರಿಯಾಗುತ್ತದೆ. ಆಮೇಲೆ ಹೋಗಿ ಚಹಾ ಕುಡಿಯಬೇಕು. ಇಪ್ಪತ್ತನಾಲ್ಕು ಗಂಟೆ ಬಿಟ್ಟು ಬಂದು, ಮೊದಲು ಬಿಗಿಯುವ ದಿಕ್ಕಿಗೆ ಒಂದಿಷ್ಟೇ ಒತ್ತಿ, ಅನಂತರ ಬಿಚ್ಚುವ ದಿಕ್ಕಿಗೆ. ಕಾಲು ಸುತ್ತು ಬಂದರೆ ಅರ್ಧ ಹಿಂದೆ, ಮತ್ತೆ ಎಣ್ಣೆ, ಮತ್ತೆ ಮುಂದೆ.

ಎಣ್ಣೆಯದೇ ಒಂದು ಪ್ರಹಸನ. ನಮ್ಮ ಖಾತೆಯಲ್ಲಿ ಎಲ್ಲಕ್ಕೂ ರಾಕೇಲ್ ಎಣ್ಣೆಯೇ. ಅಲ್ಲಿ ಮಗನ ಗ್ಯಾರೇಜಿನಲ್ಲಿ ಸಿಕ್ಕಿದ್ದು ಕಾರಿನ ಗೇರಿಗೆ ಹಾಕುವ ಕೆಂಪು ಎಣ್ಣೆ. ಅದಕ್ಕೆ ಸಮ ಪ್ರಮಾಣದಲ್ಲಿ ಅಸಿಟೋನ್ ಬೆರೆಸಿದರೆ ತುಕ್ಕಿನೊಳಗೆ ಚೆನ್ನಾಗಿ ಇಳಿಯುತ್ತದೆಂದು ಆ ಕಡೆಯ ಮೆಕ್ಯಾನಿಕರ ಅನುಭವ. ಅಸಿಟೋನ್ ಎಲ್ಲಿ? ಸೊಸೆ ಉಗುರಿನ ಬಣ್ಣ ತೆಗೆಯುವ ಬಾಟಲಿ ತಂದುಕೊಟ್ಟಳು. ನಾನು ಎರಡನ್ನೂ ಕೈಗೆ ಸಿಕ್ಕಿದ ಥರ್ಮೋಕೋಲ್ ಲೋಟಕ್ಕೆ ಸುರಿದೆ. ನೋಡುನೋಡುತ್ತಿದ್ದಂತೆ ಲೋಟದ ತಳ ಕರಗಿ, ಮಿಶ್ರಣವೆಲ್ಲ ನನ್ನ ಹೊಸ ಕ್ಯಾನ್ವಾಸ್ ಬೂಟಿನ ಮೇಲಾಯಿತು. ಅಸಿಟೋನಿಗೆ ಥರ್ಮೋಕೋಲೆಂದರೆ ನೀರಿಗೆ ಸಕ್ಕರೆ ಇದ್ದಂತೆ. ಮೊಮ್ಮಗಳು ಅದನ್ನು ಮತ್ತೊಮ್ಮೆ ಮಾಡಿ ತೋರಿಸೆಂದು ಹಠ ಹಿಡಿದಳು. ಎರಡನೆಯ ಸಲ ಗಾಜಿನ ಸೀಸೆಯಲ್ಲಿ ಬೆರೆಸಿದೆ. ನಿಂತರೆ ಎರಡೂ ಬೇರೆಯಾಗುತ್ತವೆ, ಪ್ರತಿಸಲ ಕುಲುಕಬೇಕು. ಬೆಂಕಿಯ ಹತ್ತಿರ ಮಾತ್ರ ಕೂಡದು.

ಬೋಗುಣಿಯ ತಳದಲ್ಲಿ ಮೂರು ಗಾಳಿಕಂಡಿಗಳು. ಮೂಲದಲ್ಲಿ ರಿವೆಟ್ ಇದ್ದಿರಬೇಕು. ಹಿಂದಿನ ಯಾವನೋ ಯಜಮಾನ ಅದನ್ನು ತೆಗೆದು ನಟ್ಟು ಬೋಲ್ಟು ಹಾಕಿದ್ದ. ಎರಡು ಕಾಲಿಂಚಿನವು, ಒಂದು ಅದಕ್ಕಿಂತ ಸಣ್ಣದು. ಸಿಕ್ಕಿದ್ದನ್ನು ಹಾಕಿದ್ದಾನೆ, ಆದರೆ ಪ್ರತಿಯೊಂದಕ್ಕೂ ವಾಶರ್ ಕೊಟ್ಟಿದ್ದಾನೆ. ಅವನ ಬಗ್ಗೆ ನನಗೆ ಗೌರವ ಹುಟ್ಟಿತು. ಕಾಲಿಂಚಿನ ಬೋಲ್ಟು ಕೈಗೆ ಬಂದಾಗ ಇನ್ನೊಂದು ಸಂತೋಷ. ನಮ್ಮ ಗಿರಣಿಯ ಯಂತ್ರಗಳು ಲಂಕಾಶೈರಿನ ಓಲ್ಡ್‌ಹ್ಯಾಮಿನಿಂದ ಬಂದ ಪ್ಲಾಟ್ ಬ್ರದರ್ಸ್ ಕಂಪೆನಿಯವು, ಎಲ್ಲ ವಿಟ್‌ವರ್ತ್ ಸುತ್ತಿನ ಬೋಲ್ಟು. ಅಮೆರಿಕದ್ದು ಬೇರೆ ಪದ್ಧತಿ. ಆದರೆ ಕಾಲಿಂಚಿನಲ್ಲಿ ಎರಡಕ್ಕೂ ಇಂಚಿಗೆ 20 ಸುತ್ತು. ಕೋನದಲ್ಲಿ ಐದು ಡಿಗ್ರಿ ವ್ಯತ್ಯಾಸ, 55 ಮತ್ತು 60. ಪರದೇಶದಲ್ಲಿ ಒಬ್ಬ ದೂರದ ನೆಂಟ ಸಿಕ್ಕಿದ ಹಾಗಾಯಿತು.

ಎರಡು ನಟ್ಟುಗಳು ಮೂರನೆಯ ದಿನ ಬಿಚ್ಚಿದವು. ಮೂರನೆಯದು ಬೋಲ್ಟಿನ ಸಮೇತ ತಿರುಗುತ್ತ ಕೊನೆಗೆ ಮುರಿಯಿತು. ಮುರಿದರೆ ಮುರಿಯಲಿ, ಆರಪಾರ ಹೋದ ಬೋಲ್ಟು ಮುರಿದರೆ ನಷ್ಟವಿಲ್ಲ, ಎರಡೂ ತುಂಡು ಕೆಳಗೆ ಬೀಳುತ್ತವೆ. ಗಾಲಿಯ ಅಚ್ಚಿನ ನಟ್ಟಿಗೆ ಬ್ಲೋಲ್ಯಾಂಪ್ ಹಿಡಿದು ಕಾಯಿಸಿ, ಬಿಸಿ ಇರುವಾಗಲೇ ಮೇಣದಬತ್ತಿ ತಾಗಿಸಿದೆ. ಮೇಣ ಕರಗಿ ಸುತ್ತಿನೊಳಗೆ ಇಳಿದು ನಟ್ಟು ಬೆಣ್ಣೆಯ ಹಾಗೆ ಬಂತು. ಆದರೆ ಬೋಗುಣಿಯ ಹತ್ತಿರ ಈ ಬೆಂಕಿಯ ಆಟ ನಡೆಯದು. ಪಿಂಗಾಣಿ ಲೇಪವೆಂದರೆ ಉಕ್ಕಿನ ಮೇಲೆ ಭಟ್ಟಿಯಲ್ಲಿ ಕರಗಿಸಿ ಅಂಟಿಸಿದ ಗಾಜು. ಒಂದೇ ಜಾಗಕ್ಕೆ ಕಾವು ಕೊಟ್ಟರೂ, ಪೆಟ್ಟು ಕೊಟ್ಟರೂ ಹಾರಿಹೋಗುತ್ತದೆ.

ಇದೆಲ್ಲ ಗೊತ್ತಿದ್ದೂ ನಾನು ಪೆಟ್ಟು ಕೊಟ್ಟೆ.

ಆದದ್ದು ಹೀಗೆ. ಮೂರು ಕಾಲುಗಳು ಅಲ್ಯುಮಿನಿಯಂ ಕೊಳವೆ, ಬೋಗುಣಿಗೆ ಬೆಸೆದ ಉಕ್ಕಿನ ಗೂಡಿನೊಳಗೆ ತೂರಿಸಿದಂಥವು. ಉಕ್ಕು ಮತ್ತು ಅಲ್ಯುಮಿನಿಯಂ ಒಟ್ಟಿಗಿದ್ದು ನೀರು ಬಿದ್ದರೆ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಗೂಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡು ಕಾಲು ವಾರದ ಎಣ್ಣೆಗೆ, ತಿರುಚುವಿಕೆಗೆ ಮಣಿದು ಹೊರಬಂದವು. ಮೂರನೆಯದು ಮಿಸುಕಲಿಲ್ಲ. ಹತ್ತು ದಿನ ಎಣ್ಣೆ ಬಿಟ್ಟೆ. ಮಿಸುಕಲಿಲ್ಲ. ಒಂದು ಮಧ್ಯಾಹ್ನ ಸಿಟ್ಟು ಬಂದು, ಕಾಲಿಗೆ ಮರದ ತುಂಡು ಒತ್ತಿ ಹಿಡಿದು ದೊಡ್ಡ ಸುತ್ತಿಗೆಯಿಂದ ಎರಡು ಬಿಟ್ಟೆ. ಕಾಲು ಅಲ್ಲೇ ಇತ್ತು. ಗೂಡಿನ ಬುಡದಿಂದ ಹೆಬ್ಬೆರಳ ಉಗುರಿನಷ್ಟು ಪಿಂಗಾಣಿ ಚಿಮ್ಮಿ ಗೋಡೆಗೆ ಬಡಿಯಿತು. ಒಳಗಿನ ಉಕ್ಕು ಬೆಳ್ಳಗೆ ಕಾಣಿಸಿತು. ನಲವತ್ತನಾಲ್ಕು ವರ್ಷ ಶಿಕಾಗೋದ ಹಿಮ ಮಾಡದಿದ್ದನ್ನು ನಾನು ಎರಡು ಪೆಟ್ಟಿನಲ್ಲಿ ಮಾಡಿದ್ದೆ.

ಸಂಜೆ ಮಗ ಬಂದಾಗ ನಾನು ಅದರ ಮುಂದೆ ಸುಮ್ಮನೆ ಕುಳಿತಿದ್ದೆ. ಅವನು ಕೇಳಲಿಲ್ಲ. ನೆಲದ ಮೇಲೆ ಕುಳಿತು, ಫೋನಿನ ದೀಪ ಹಾಕಿ ಗೂಡಿನ ಸುತ್ತ ನೋಡುತ್ತ ಹೋದ. “ಅಪ್ಪಾ, ಇಲ್ಲೊಂದು ಚುಕ್ಕೆ ಇದೆ ನೋಡು” ಎಂದ. ಗೂಡಿನ ಒಳಮಗ್ಗುಲಲ್ಲಿ ಮಸಿಯಡಿ ಒಂದು ದುಂಡು ಚುಕ್ಕೆ, ಕಾಳುಮೆಣಸಿಗಿಂತ ಚಿಕ್ಕದು. ಕಾಲು ಸಡಿಲವಾದಾಗ ಯಾರೋ ಒಂದು ತಿರುಪುಮೊಳೆ ಹೊಡೆದು ಬಿಗಿದಿದ್ದರು. ಅದರ ತಲೆ ತುಕ್ಕು ಹಿಡಿದು ಉದುರಿಹೋಗಿ, ಮೈ ಮಾತ್ರ ಒಳಗೆ ಉಳಿದಿತ್ತು. ನಾನು ಹತ್ತು ದಿನ ಎಣ್ಣೆ ಬಿಟ್ಟದ್ದು ಬೇರೆ ಕಡೆ, ಕಾಲನ್ನು ಹಿಡಿದುಕೊಂಡದ್ದು ಬೇರೆಯೇ. ಅಪ್ರೆಂಟಿಸನಾಗಿದ್ದಾಗ ನಮ್ಮ ಮಾಲವಣದ ಮಿಸ್ತ್ರಿ ಇದೇ ತಪ್ಪಿಗೆ ನನ್ನ ಬೆರಳ ಗೆಣ್ಣಿಗೆ ಪಾನಾದಿಂದ ಹೊಡೆದಿದ್ದ. ಬರದಿದ್ದರೆ ಇನ್ನೊಂದು ಎಲ್ಲೋ ಇದೆ, ಮೊದಲು ಹುಡುಕು ಎಂಬುದು ಅವನ ಪಾಠ.

ತಲೆಯಿಲ್ಲದ ತಿರುಪನ್ನು ತೆಗೆಯುವುದು ನಿಧಾನದ ಕೆಲಸ. ನಡುಮಧ್ಯಕ್ಕೆ ಸೆಂಟರ್ ಪಂಚಿನಿಂದ ಒಂದು ಗುಳಿ. ಗುಳಿ ಓರೆಯಾದರೆ ಡ್ರಿಲ್ ಜಾರಿ ಮೆತ್ತಗಿನ ಅಲ್ಯುಮಿನಿಯಮನ್ನು ತಿನ್ನುತ್ತದೆ. ಮಗ ಅಂಚೆಯಲ್ಲಿ ಎಡಸುತ್ತಿನ ಡ್ರಿಲ್ ಬಿಟ್ ತರಿಸಿದ. ಸಾಮಾನ್ಯ ಬಿಟ್ ಬಲಕ್ಕೆ ಸುತ್ತುತ್ತ ತಿರುಪನ್ನು ಇನ್ನೂ ಬಿಗಿಯುತ್ತದೆ. ಎಡಸುತ್ತಿನದು ಕೊರೆಯುತ್ತಲೇ ಬಿಚ್ಚುವ ದಿಕ್ಕಿಗೆ ಎಳೆಯುತ್ತದೆ. ನಮ್ಮ ಖಾತೆಯಲ್ಲಿ ಇಂಥದ್ದನ್ನು ನಾನು ಕಂಡಿರಲಿಲ್ಲ. ನನ್ನ ಕೈ ಈಗ ನಡುಗುತ್ತದೆ, ಆದ್ದರಿಂದ ಡ್ರಿಲ್ ಅವನ ಕೈಗೆ ಕೊಟ್ಟೆ. ಕಣ್ಣಿಗೆ ಕನ್ನಡಕ ಹಾಕಿಸಿದೆ. ವೇಗ ಕಡಿಮೆ, ಒತ್ತಡ ಜಾಸ್ತಿ, ನಡುನಡುವೆ ಒಂದು ತೊಟ್ಟು ಎಣ್ಣೆ. ನಾನು ಹೇಳುತ್ತಿದ್ದೆ, ಅವನು ಮಾಡುತ್ತಿದ್ದ.

ಹಾಗೆ ಬಗ್ಗಿಕೊಂಡೇ ಅವನು ಕೇಳಿದ: “ಅಪ್ಪಾ, ಆವತ್ತು ಗಿರಣಿಯಲ್ಲಿ ಎಲ್ಲರೂ ಘನದಿಂದ ಒಡೆಯುತ್ತಿದ್ದರು. ನೀನೊಬ್ಬನೇ ಪಾನಾ ಹಿಡಿದು ಬಿಚ್ಚುತ್ತಿದ್ದೆ. ಬಿಚ್ಚಿದ ನಟ್ಟನ್ನು ಮತ್ತೆ ಅದೇ ಬೋಲ್ಟಿಗೆ ತಿರುಗಿಸಿ ಡಬ್ಬಕ್ಕೆ ಹಾಕುತ್ತಿದ್ದೆ. ಭಟ್ಟಿಗೆ ಹೋಗುವ ಬೋಲ್ಟಿಗೆ ನಟ್ಟು ಯಾಕೆ?”

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. 1982ರ ಜನವರಿ 18ರಂದು ಮುಂಬಯಿಯ ಗಿರಣಿಗಳ ಮುಷ್ಕರ ಶುರುವಾದದ್ದು, ದತ್ತಾ ಸಾಮಂತರ ಮಾತಿಗೆ ಎರಡೂವರೆ ಲಕ್ಷದಷ್ಟು ಜನ ಹೊರಗೆ ಬಂದದ್ದು ಈ ಪತ್ರಿಕೆಯ ಹಳೆಯ ಓದುಗರಿಗೆ ಹೇಳಬೇಕಾಗಿಲ್ಲ. ಅವರಲ್ಲಿ ನಾನೂ ಒಬ್ಬ. ನಮ್ಮ ಗಿರಣಿ ಆಮೇಲೆ ಅರ್ಧಂಬರ್ಧ ನಡೆದು ಮುಚ್ಚಿತು. ಹೆಸರು ಬೇಡ. 1993ರಲ್ಲಿ ಅದರ ಯಂತ್ರಗಳನ್ನು ಒಬ್ಬ ಭಂಗಾರದ ವ್ಯಾಪಾರಿ ತೂಕದ ಲೆಕ್ಕದಲ್ಲಿ ಕೊಂಡಾಗ, ಜಾಗ ಗೊತ್ತಿರುವವರು ಬೇಕೆಂದು ನಮ್ಮಲ್ಲಿ ನಾಲ್ಕೈದು ಜನರನ್ನು ದಿನಗೂಲಿಗೆ ಕರೆದ. ಹೋದೆ. ಮನೆಯಲ್ಲಿ ಅಕ್ಕಿ ಬೇಕಿತ್ತು. ಬೀಡುಕಬ್ಬಿಣ ಘನದ ಪೆಟ್ಟಿಗೆ ಬಿಸ್ಕತ್ತಿನ ಹಾಗೆ ಒಡೆಯುತ್ತದೆ, ಬಿಚ್ಚುವ ಅಗತ್ಯವೇ ಇಲ್ಲ. ದೀಪಾವಳಿ ರಜೆಯ ಒಂದು ಮಧ್ಯಾಹ್ನ ಈ ಹುಡುಗ ಊಟದ ಡಬ್ಬಿ ತಂದವನು ಬಾಗಿಲಲ್ಲಿ ನಿಂತಿದ್ದ. ವ್ಯಾಪಾರಿಯ ಗುಮಾಸ್ತ ಆ ಹೊತ್ತಿಗೆ, ಬಿಚ್ಚುತ್ತ ಕೂತರೆ ಕೂಲಿ ಕೊಡುವುದಿಲ್ಲ ಎಂದು ನನ್ನನ್ನು ಹೇಳಬಾರದ ಮಾತಿನಲ್ಲಿ ಬೈಯುತ್ತಿದ್ದ. ಹುಡುಗನ ಮುಖ ಕೆಂಪಾಗಿತ್ತು. ಡಬ್ಬಿ ಇಟ್ಟು ಓಡಿಹೋದ. ಅಪ್ಪನ ಕೆಲಸದ ಬಗ್ಗೆ ನಾಚಿದ ಎಂದು ಮೂವತ್ತು ವರ್ಷ ತಿಳಿದುಕೊಂಡಿದ್ದೆ. ಅವನು ನಟ್ಟನ್ನು ನೋಡಿದ್ದನೆಂದು ತಿಳಿದಿರಲಿಲ್ಲ.

“ಆವತ್ತೇ ಕೇಳಬಾರದಿತ್ತೆ?” ಎಂದೆ.

“ನಿನ್ನ ಮುಖ ನೋಡಿ ಹೆದರಿಕೆಯಾಯಿತು.”

ಉತ್ತರ ಏನು ಕೊಡಲಿ? “ಬಿಡಿ ನಟ್ಟು ಕಳೆದುಹೋಗುತ್ತದೆ” ಎಂದೆ. ಅದು ಖಾತೆಯ ಕಾನೂನು, ನಿಜ. ಸ್ವಲ್ಪ ಹೊತ್ತು ಬಿಟ್ಟು ಉಳಿದದ್ದನ್ನೂ ಹೇಳಿದೆ. ಆ ರಿಂಗ್ ಫ್ರೇಮನ್ನು 1974ರಲ್ಲಿ ಪೂರ್ತಿ ಬಿಚ್ಚಿ ಕಟ್ಟಿದವರಲ್ಲಿ ನಾನೊಬ್ಬ. ಆ ಬೋಲ್ಟುಗಳಿಗೆ ಗ್ರಾಫೈಟ್ ಹಚ್ಚಿ ಬಿಗಿದದ್ದು ಈ ಕೈ. ಹತ್ತೊಂಬತ್ತು ವರ್ಷದ ಮೇಲೆ, ಅದರಲ್ಲೂ ಎಷ್ಟೋ ವರ್ಷ ಎಣ್ಣೆ ಕಾಣದೆ ನಿಂತ ಮೇಲೆ, ಪಾನಾ ಇಟ್ಟರೆ ಒಂದೊಂದೂ ಮೊದಲ ಒತ್ತಿಗೇ ಬಿಚ್ಚುತ್ತಿತ್ತು. ಅಂಥ ಬೋಲ್ಟಿಗೆ ಘನ ಎತ್ತುವುದು ಹೇಗೆ?

ಮಗ ಏನೂ ಹೇಳಲಿಲ್ಲ. ಡ್ರಿಲ್ಲಿನ ಸದ್ದು ಒಮ್ಮೆಲೆ ಬದಲಾಯಿತು. ಬಿಟ್ ತಿರುಪನ್ನು ಕಚ್ಚಿತ್ತು. ಅದು ಸಣ್ಣಗೆ ಕಿರ್ರೆಂದು, ತಲೆಯಿಲ್ಲದ ಮೈಯನ್ನು ಹೊರಳಿಸುತ್ತ ಬಿಟ್ಟಿನ ತುದಿಗೆ ಅಂಟಿಕೊಂಡೇ ಹೊರಗೆ ಬಂತು. ಮುಕ್ಕಾಲಿಂಚು ಕೂಡ ಇಲ್ಲ. ಕಾಲನ್ನು ನಾನು ಬರಿಗೈಯಲ್ಲಿ ತಿರುಚಿದೆ, ಬಂತು.

ಮುಂದಿನದು ಬೇಗ ಹೇಳಬಹುದಾದದ್ದು. ಹೊಸ ಬೋಲ್ಟುಗಳನ್ನು ಸ್ಟೇನ್‌ಲೆಸ್ ಉಕ್ಕಿನವೇ ತಂದೆವು. ಸತುವಿನ ಲೇಪದವು ಅಗ್ಗ, ಆದರೆ ಕೆಂಡದ ಹತ್ತಿರ ಸತುವಿನ ಹೊಗೆ ಒಳ್ಳೆಯದಲ್ಲ. ಜಾಲರಿಯನ್ನು ರಾತ್ರಿಯಿಡೀ ವಿನೆಗರಿನಲ್ಲಿ ನೆನೆಸಿ ಉಜ್ಜಿದೆವು. ಪಿಂಗಾಣಿ ಹೋದ ಜಾಗಕ್ಕೆ ಕಾವು ತಡೆಯುವ ಕಪ್ಪು ಬಣ್ಣ ಬಳಿದೆ. ದೂರದಿಂದ ಗೊತ್ತಾಗುವುದಿಲ್ಲ, ನನಗೆ ಗೊತ್ತಾಗುತ್ತದೆ. ಕಾಲುಗಳನ್ನು ಗೂಡಿಗೆ ಕೂರಿಸುವ ಮೊದಲು ಮಗ ತಾನೇ ಅಂಗಡಿಯಿಂದ ಒಂದು ಡಬ್ಬಿ ತಂದಿದ್ದ. ಬೋಲ್ಟು ಸಿಕ್ಕಿಕೊಳ್ಳದಂತೆ ಹಚ್ಚುವ ಲೇಪ, ನಮ್ಮ ಗ್ರಾಫೈಟಿನ ಇಂದಿನ ಅವತಾರ. ಆಹಾರ ತಾಗದ ಹೊರಗಿನ ಸುತ್ತುಗಳಿಗೆಲ್ಲ ಬೆರಳಿನಿಂದ ಹಚ್ಚಿದ, ಸ್ವಲ್ಪ ಹೆಚ್ಚೇ ಹಚ್ಚಿದ. ನಾನು ತಡೆಯಲಿಲ್ಲ. ಬಿಚ್ಚಿದ ಹಳೆಯ ಎರಡು ಬೋಲ್ಟುಗಳು ಅಲ್ಲೇ ಕಪಾಟಿನ ಮೇಲಿದ್ದವು. ಎರಡಕ್ಕೂ ಅವುಗಳ ನಟ್ಟು ತಿರುಗಿಸಿತ್ತು. ತಿರುಗಿಸಿದ್ದು ನಾನಲ್ಲ.

ಮೊದಲ ಸಲ ಬರೀ ಇದ್ದಲು ತುಂಬಿ, ಮುಚ್ಚಳ ಮುಚ್ಚಿ, ಎಣ್ಣೆಯ ವಾಸನೆ ಸುಟ್ಟುಹೋಗುವವರೆಗೆ ಉರಿಸಿದೆವು. ಎರಡನೆಯ ಸಲ ಜೋಳದ ತೆನೆ, ಬದನೆಕಾಯಿ, ಮತ್ತು ಭಾರತೀಯರ ಅಂಗಡಿಯಿಂದ ತಂದ ಶೀತಲಪೆಟ್ಟಿಗೆಯ ಬಂಗುಡೆ. ಬಂಗುಡೆ ಊರಿನದರ ಕಾಲುಧೂಳಿಗೂ ಸಮನಲ್ಲ, ಆದರೆ ಮಸಾಲೆ ನನ್ನವಳದ್ದಾದ್ದರಿಂದ ನಡೆಯಿತು. ವಾಸನೆಗೆ ನಾಲ್ಕು ಮನೆ ಆಚೆಯ ಗೃಹಸ್ಥರೂ ಬಂದರು. ಉಪ್ಪು ಖಾರ ನಿಂಬೆ ಹಚ್ಚಿದ ಎರಡು ತೆನೆ ತಿಂದು, ಗ್ರಿಲ್ಲಿನ ಸುತ್ತ ಒಂದು ಸುತ್ತು ಬಂದು, ಇಂಥದ್ದು ಈಗ ಎಲ್ಲಿ ಸಿಗುತ್ತದೆ, ತಮ್ಮಲ್ಲೂ ಒಂದಿತ್ತು, ಪೂರಾ ಹಾಳಾಗಿ ಹೋಯಿತು ಎಂದರು. ಮಗ ನನ್ನ ಮುಖ ನೋಡಿದ. ನಾನು ಅವರಿಗೆ ಮೂರನೆಯ ತೆನೆ ಕೊಟ್ಟೆ.

ಅಕ್ಟೋಬರಿನಲ್ಲಿ ನಾವು ವಾಪಸು ಬಂದೆವು. ಈಗಲೂ ಭಾನುವಾರ ಮಗ ಫೋನು ಮಾಡುತ್ತಾನೆ. ತಾಯಿಯ ಹತ್ತಿರ ಅರ್ಧ ಗಂಟೆ ಮಾತು. ನನ್ನ ಸರದಿ ಬಂದಾಗ ನಾನು ಕೇಳುವುದು ಒಂದೇ, ಬೂದಿ ತೆಗೆದೆಯಾ ಎಂದು. ತೆಗೆದೆ ಎನ್ನುತ್ತಾನೆ. ಒಮ್ಮೊಮ್ಮೆ ತಡೆದು ಹೇಳುತ್ತಾನೆ, ಆಗ ತೆಗೆದಿಲ್ಲವೆಂದು ಗೊತ್ತಾಗುತ್ತದೆ.